ಸ್ವಂತ ಗಣಕದಲ್ಲಿ ಸಂಶೋಧನಾ ಸಂಗ್ರಹ: ರಿವರ್ಸ್ ಪ್ರಾಕ್ಸಿ ಮತ್ತು ಗೂಢಲಿಪೀಕರಣ

ಹೊರನಾಡಿನ ಕನ್ನಡವನ್ನು ಅಧ್ಯಯನ ಮಾಡುವವರ ಬಳಿ ಅಚ್ಚಾಗದ ಸಾಮಗ್ರಿ ಹೇರಳವಾಗಿ ಸೇರಿಕೊಳ್ಳುತ್ತದೆ. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳು, ಹಸ್ತಪ್ರತಿಗಳ ಛಾಯಾಚಿತ್ರಗಳು, ಶಬ್ದಸೂಚಿಯ ಚೀಟಿಗಳು ಇಂಥವು. ಇವನ್ನು ವಿಭಾಗದ ಗಣಕದಲ್ಲಿಯೇ ಇರಿಸಿ, ಬೇರೆ ಊರಿನ ಸಹಸಂಶೋಧಕರು ಅಂತರಜಾಲದ ಮೂಲಕ ಬಳಸುವಂತೆ ಮಾಡುವುದು ಇಂದು ಕಷ್ಟವಲ್ಲ. ಆದರೆ ಸಂಗ್ರಹದೊಳಗೆ ವಕ್ತೃಗಳ ಹೆಸರು, ಊರು, ಮನೆತನದ ವಿವರಗಳೂ ಇರುತ್ತವೆ; ಅವುಗಳನ್ನು ಗೋಪ್ಯವಾಗಿಡುವೆವೆಂದು ನಾವು ಮಾತು ಕೊಟ್ಟಿರುತ್ತೇವೆ. ಆ ಮಾತು ಉಳಿಯಬೇಕಾದರೆ ವ್ಯವಸ್ಥೆ ಹೇಗಿರಬೇಕೆಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಪ್ರಾಕ್ಸಿ ಎಂದರೆ ಪ್ರತಿನಿಧಿ. ಸಾಮಾನ್ಯ ಪ್ರಾಕ್ಸಿಯು ಓದುಗನ ಪರವಾಗಿ ಹೊರಜಾಲದೊಡನೆ ವ್ಯವಹರಿಸುತ್ತದೆ. ರಿವರ್ಸ್ ಪ್ರಾಕ್ಸಿಯು ಸೇವೆಯ ಪರವಾಗಿ ಓದುಗನೊಡನೆ ವ್ಯವಹರಿಸುತ್ತದೆ. ಕಪಾಟುಗಳ ಬಳಿಗೆ ಓದುಗರನ್ನು ಬಿಡದ ಗ್ರಂಥಾಲಯಗಳ ಪದ್ಧತಿಯನ್ನು ಇದಕ್ಕೆ ಹೋಲಿಸಬಹುದು. ಓದುಗನು ಕೌಂಟರಿನಲ್ಲಿ ಚೀಟಿ ಕೊಡುತ್ತಾನೆ. ಸಹಾಯಕನು ಒಳಗಿನಿಂದ ಗ್ರಂಥವನ್ನು ತಂದುಕೊಡುತ್ತಾನೆ. 2004ರಲ್ಲಿ ಬಿಡುಗಡೆಯಾದ ಎನ್‌ಜಿನ್‌ಎಕ್ಸ್, 2015ರಲ್ಲಿ ಬಂದ ಕ್ಯಾಡಿ ಇಂಥ ಕೆಲಸಕ್ಕೆ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳು. ಒಂದೇ ಗಣಕದಲ್ಲಿ ಶಬ್ದಸೂಚಿ, ಧ್ವನಿಸಂಗ್ರಹ ಮೊದಲಾದ ಹಲವು ಸೇವೆಗಳಿದ್ದರೂ ಹೊರಗಿನವರಿಗೆ ಕೌಂಟರು ಒಂದೇ. ಕೋರಿಕೆಯಲ್ಲಿರುವ ಹೆಸರನ್ನು ನೋಡಿ ಪ್ರಾಕ್ಸಿಯು ಅದನ್ನು ತಕ್ಕ ಸೇವೆಗೆ ಮುಟ್ಟಿಸುತ್ತದೆ.

ಗೂಢಲಿಪೀಕರಣದ ಹೊಣೆಯೂ ಈ ಕೌಂಟರಿನದೇ. ಇದಕ್ಕೆ ಬಳಸುವ ಟಿಎಲ್‌ಎಸ್ ಎಂಬ ವಿಧಾನವು 1999ರಲ್ಲಿ ರೂಪುಗೊಂಡಿತು, ಅದರ 1.3ನೆಯ ಆವೃತ್ತಿ 2018ರದು. 1.0 ಮತ್ತು 1.1ನೆಯ ಆವೃತ್ತಿಗಳನ್ನು 2021ರಲ್ಲಿ ವಿಧಿವತ್ತಾಗಿ ಕೈಬಿಡಲಾಯಿತು. ಟಿಎಲ್‌ಎಸ್‌ನಿಂದ ಆಗುವ ಪ್ರಯೋಜನಗಳು ಮುಖ್ಯವಾಗಿ ಎರಡು: ಸಾಗುವ ಮಾಹಿತಿಯನ್ನು ನಡುವಿನವರು ಓದಲಾರರು, ತಿದ್ದಲಾರರು, ತಾನು ತಲುಪಿದ್ದು ಉದ್ದೇಶಿಸಿದ ತಾಣವನ್ನೇ ಎಂಬುದು ಪ್ರಮಾಣಪತ್ರದ ಮೂಲಕ ಓದುಗನಿಗೆ ಖಚಿತವಾಗುತ್ತದೆ. ಇದಿಲ್ಲದಿದ್ದರೆ ಗುಪ್ತಪದವೂ ಬರಿಯ ಅಂಚೆಕಾರ್ಡಿನ ಬರಹದಂತೆ ಸಾಗುತ್ತದೆ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಸಾಮಾನ್ಯ ಏರ್ಪಾಡಿನಲ್ಲಿ ಗೂಢಲಿಪಿ ಕೊನೆಗೊಳ್ಳುವುದು ಪ್ರಾಕ್ಸಿಯಲ್ಲಿಯೇ. ಅಲ್ಲಿಂದ ಒಳಗೆ ಮಾಹಿತಿ ತೆರೆದ ರೂಪದಲ್ಲಿ ಸಾಗುತ್ತದೆ. ಆದ್ದರಿಂದ ಬ್ರೌಸರಿನಲ್ಲಿ ಸುರಕ್ಷತೆಯ ಗುರುತು ಕಂಡ ಮಾತ್ರಕ್ಕೆ ಸಂಗ್ರಹವು ಸುರಕ್ಷಿತವೆಂದು ತಿಳಿಯಲಾಗದು. ಈ ಕಾರಣದಿಂದ ಮೂರು ಎಚ್ಚರಗಳು ಅಗತ್ಯವಾಗುತ್ತವೆ.

ಮೊದಲನೆಯದು, ಒಳಗಿನ ಸೇವೆ ಹೊರಗಿನವರಿಗೆ ನೇರವಾಗಿ ನಿಲುಕಬಾರದು. ಪ್ರಾಕ್ಸಿ ಮತ್ತು ಸೇವೆ ಒಂದೇ ಗಣಕದಲ್ಲಿದ್ದರೆ, ಸೇವೆಯು 127.0.0.1 ಎಂಬ ಆಂತರಿಕ ವಿಳಾಸದಲ್ಲಿ ಮಾತ್ರ ಕೋರಿಕೆಗಳನ್ನು ಸ್ವೀಕರಿಸಬೇಕು. ಹೊರಗೆ ತೆರೆದಿರಬೇಕಾದ ಪೋರ್ಟುಗಳು 80 ಮತ್ತು 443 ಎರಡೇ. ಇಲ್ಲವಾದರೆ ಕೌಂಟರನ್ನು ಬಳಸಿಕೊಂಡು ಹೋಗಿ ಹಿತ್ತಿಲ ಬಾಗಿಲಿನಿಂದ ಒಳಗೆ ಬರಲು ಅವಕಾಶವಾಗುತ್ತದೆ. ಪ್ರಾಕ್ಸಿ ಮತ್ತು ಸೇವೆ ಬೇರೆ ಬೇರೆ ಗಣಕಗಳಲ್ಲಿದ್ದರೆ ಅವುಗಳ ನಡುವೆಯೂ ಗೂಢಲಿಪಿ ಇರುವುದು ಲೇಸು.

ಎರಡನೆಯದು, ಒಳಗಿನ ಸೇವೆಗೆ ಎಲ್ಲ ಕೋರಿಕೆಗಳೂ ಪ್ರಾಕ್ಸಿಯಿಂದಲೇ ಬಂದಂತೆ ಕಾಣುತ್ತವೆ. ಓದುಗನ ನಿಜವಾದ ವಿಳಾಸವನ್ನು ಪ್ರಾಕ್ಸಿಯು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಶಿರೋಲೇಖದಲ್ಲಿ ಬರೆದು ಕಳುಹಿಸಬಲ್ಲುದು. ಆದರೆ ಅಂಥ ಶಿರೋಲೇಖವನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಪ್ರಾಕ್ಸಿ ಬರೆದುದನ್ನಷ್ಟೇ ನಂಬುವಂತೆ ಸೇವೆಗೆ ನಿರ್ದೇಶಿಸಬೇಕು.

ಮೂರನೆಯದು ದಿನಚರಿ ಕಡತಕ್ಕೆ ಸಂಬಂಧಿಸಿದುದು. ಪ್ರಾಕ್ಸಿಯು ಸಾಮಾನ್ಯವಾಗಿ ಓದುಗನ ವಿಳಾಸ, ಕಾಲ, ಕೋರಿಕೆ ಇವನ್ನು ತೆರೆದ ಅಕ್ಷರಗಳಲ್ಲಿ ದಾಖಲಿಸುತ್ತದೆ. ಹುಡುಕುಪದವು ಜಾಲವಿಳಾಸದ ಭಾಗವಾಗಿದ್ದರೆ ಅದೂ ಅಲ್ಲಿ ಉಳಿಯುತ್ತದೆ. ಕನ್ನಡ ಪದಗಳ ವಿಷಯದಲ್ಲಿ ಇದು ಸುಲಭವಾಗಿ ಕಣ್ಣಿಗೆ ಬೀಳದು. 'ಕನ್ನಡ' ಎಂಬ ಪದಕ್ಕೆ ಯೂನಿಕೋಡಿನಲ್ಲಿ 5 ಸಂಕೇತಗಳು. ಯುಟಿಎಫ್-8 ರೂಪದಲ್ಲಿ 15 ಬೈಟುಗಳು. ಜಾಲವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಡನೆ 45 ಅಕ್ಷರಗಳು. ಅರ್ಥವಾಗದ ಈ ಸಾಲು ಗೂಢಲಿಪಿಯೆಂಬ ಭ್ರಮೆ ಹುಟ್ಟಿಸುತ್ತದೆ. ವಾಸ್ತವವಾಗಿ ಯಾವ ಕೀಲಿಯೂ ಇಲ್ಲದೆ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಬಹುದು. ವಕ್ತೃವಿನ ಹೆಸರನ್ನು ಹುಡುಕಿದಾಗ ಆ ಹೆಸರು ಅಲ್ಲಿ ಉಳಿಯುತ್ತದೆಂಬುದನ್ನು ಮರೆಯಲಾಗದು. ವಕ್ತೃಗಳಿಗೆ ಹೆಸರಿನ ಬದಲು ಕ್ರಮಸಂಖ್ಯೆ ಕೊಡುವುದು, ದಿನಚರಿಯನ್ನು ನಿಯತವಾಗಿ ಅಳಿಸುವುದು ಇದಕ್ಕೆ ಪರಿಹಾರ.

ಇನ್ನು ಪ್ರಮಾಣಪತ್ರದ ವಿಚಾರ. 2015ರ ಡಿಸೆಂಬರಿನಲ್ಲಿ ಸಾರ್ವಜನಿಕ ಬಳಕೆಗೆ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್ ಇದನ್ನು ಉಚಿತವಾಗಿ ನೀಡುತ್ತದೆ. ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು ಹಂತಹಂತವಾಗಿ ಇಳಿಸಿ 2029ರ ಮಾರ್ಚ್ 15ರಿಂದ 47 ದಿನಗಳಿಗೆ ತರಲು ಸಿಎ/ಬ್ರೌಸರ್ ಫೋರಮ್ 2025ರ ಏಪ್ರಿಲಿನಲ್ಲಿ ನಿರ್ಣಯಿಸಿದೆ. ಹೀಗಾಗಿ ನವೀಕರಣವನ್ನು ಗಣಕಕ್ಕೇ ಒಪ್ಪಿಸುವುದು ಅನಿವಾರ್ಯ; ಕ್ಯಾಡಿಯು ಇದನ್ನು ತಾನಾಗಿಯೇ ಮಾಡಿಕೊಳ್ಳುತ್ತದೆ. ವಿಶ್ವವಿದ್ಯಾಲಯದ ರಕ್ಷಣಾಗೋಡೆಯು ಹೊರಗಿನಿಂದ 80ನೆಯ ಪೋರ್ಟಿಗೆ ಬರುವ ಪರಿಶೀಲನೆಯನ್ನು ತಡೆಯುತ್ತಿದ್ದರೆ, ಡಿಎನ್‌ಎಸ್ ದಾಖಲೆಯ ಮೂಲಕ ಒಡೆತನವನ್ನು ರುಜುವಾತುಪಡಿಸುವ ಮಾರ್ಗವೂ ಇದೆ. ಜೊತೆಗೆ, ಎನ್‌ಜಿನ್‌ಎಕ್ಸ್ ತನ್ನ ಮೂಲ ಸ್ಥಿತಿಯಲ್ಲಿ ಒಂದು ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಸ್ವೀಕರಿಸುವುದಿಲ್ಲ. ಹಸ್ತಪ್ರತಿಯ ಚಿತ್ರಗಳನ್ನು ಸೇರಿಸುವವರು ಈ ಮಿತಿಯನ್ನು ಮೊದಲೇ ಹೆಚ್ಚಿಸಿಕೊಳ್ಳಬೇಕು.

ಹೊರನಾಡಿನ ಕನ್ನಡ ವಿಭಾಗಗಳು ಬಹುಮಟ್ಟಿಗೆ ಚಿಕ್ಕವು. ಇಂಥ ವ್ಯವಸ್ಥೆಯ ತಿಳಿವಳಿಕೆ ಒಬ್ಬ ಸಂಶೋಧನಾ ವಿದ್ಯಾರ್ಥಿಯಲ್ಲಿ ಮಾತ್ರ ಇದ್ದರೆ, ಆತ ಪದವಿ ಪಡೆದು ಹೋದೊಡನೆ ಸಂಗ್ರಹವು ಅನಾಥವಾಗುತ್ತದೆ. ಹೆಸರಿನ ನೋಂದಣಿ ಎಲ್ಲಿದೆ, ನವೀಕರಣ ಹೇಗೆ ನಡೆಯುತ್ತದೆ, ಪ್ರತಿಗಳು ಎಲ್ಲಿವೆ ಎಂಬುದನ್ನು ಕನ್ನಡದಲ್ಲಿಯೇ ಎರಡು ಪುಟಗಳಲ್ಲಿ ಬರೆದು ವಿಭಾಗದ ಕಡತದಲ್ಲಿ ಇರಿಸುವುದು, ಸೇವೆಯನ್ನು ಆರಂಭಿಸುವ ಮುನ್ನವೇ ಆಗಬೇಕಾದ ಕೆಲಸವೆಂದು ನಾವು ಭಾವಿಸುತ್ತೇವೆ.