ಸೈಕಲ್ಲು, ಮೋಟಾರು ಮತ್ತು ರಸ್ತೆಯ ಅಂಚು

ಮೈಸೂರು ಜಿಲ್ಲೆಯ ಪಶ್ಚಿಮಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಹುಣಸೂರು ಕಂದಾಯ ಉಪವಿಭಾಗಕ್ಕೆ ಸೇರಿದವು. ಈಚಿನ ವರ್ಷಗಳಲ್ಲಿ ಸಾಲಿಗ್ರಾಮವೂ ಸರಗೂರೂ ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಜನಜೀವನದ ದೃಷ್ಟಿಯಿಂದ ಇದೆಲ್ಲವೂ ಒಂದೇ ಸೀಮೆ. ಕೃಷ್ಣರಾಜನಗರದ ಕಡೆ ಕಾವೇರಿ ನಾಲೆಗಳ ಬತ್ತದ ಬಯಲು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪಿನ ಕೆಂಪು ಹೊಲ. ಕೋಟೆಯ ಕಡೆ ಕಬಿನಿಯ ಹಿನ್ನೀರು ಮತ್ತು ಕಾಡು. ಈ ಮೂರು ಬಗೆಯ ನೆಲದಲ್ಲಿಯೂ ಬಡವನ ವಾಹನವಾಗಿ ದುಡಿದು ಬಂದದ್ದು ಬೈಸಿಕಲ್ಲು. ಡೇರಿಗೆ ಹಾಲು, ಮಿಲ್ಲಿಗೆ ರಾಗಿ, ಕೊಟ್ಟಿಗೆಗೆ ಹುಲ್ಲು, ಶಾಲೆಗೆ ಮಕ್ಕಳು, ಎಲ್ಲವೂ ಅದರ ಮೇಲೆಯೇ ಸಾಗಿದವು. ಆ ವಾಹನಕ್ಕೂ ಮೋಟಾರು ವಾಹನಗಳಿಗೂ ಇಂದು ರಸ್ತೆಯ ಮೇಲೆ ಉಂಟಾಗಿರುವ ತಿಕ್ಕಾಟದ ಸ್ವರೂಪವೇನು, ಪ್ರತಿವರ್ಷ ನಡೆಯುವ ರಸ್ತೆ ಸುರಕ್ಷತಾ ಪ್ರಚಾರಗಳು ಅದನ್ನು ಎಷ್ಟರಮಟ್ಟಿಗೆ ಮುಟ್ಟಿವೆ ಎಂಬುದು ಶಾಲೆಯೊಡನೆ ಸಂಬಂಧವುಳ್ಳವರೆಲ್ಲರೂ ವಿಚಾರ ಮಾಡಬೇಕಾದ ವಿಷಯ. ಏಕೆಂದರೆ ಇಂದು ಈ ರಸ್ತೆಗಳಲ್ಲಿ ಸೈಕಲ್ಲಿನ ಮೇಲೆ ಕಣ್ಣಿಗೆ ಬೀಳುವವರು ಹೆಚ್ಚಾಗಿ ಶಾಲಾ ಬಾಲಕರು ಮತ್ತು ವಯಸ್ಸಾದ ರೈತರು.

ಒಂದು ಕಾಲದಲ್ಲಿ ಸೈಕಲ್ಲಿಗೆ ಸರ್ಕಾರದ ಲೆಕ್ಕದಲ್ಲಿ ಒಂದು ಸ್ಥಾನವಿತ್ತು. ಪುರಸಭೆಗೆ ತೆರಿಗೆ ಕಟ್ಟಿ ಲೋಹದ ಬಿಲ್ಲೆ ಪಡೆಯಬೇಕಾಗಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ, ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡರೆ ಪೋಲೀಸಿನವರು ತಡೆದು ಚಕ್ರದ ಗಾಳಿ ಬಿಡುತ್ತಿದ್ದರೆಂದು ಹಿರಿಯರು ಈಗಲೂ ನಗುತ್ತ ಹೇಳುವುದುಂಟು. ಅದು ಕಿರುಕುಳವೆಂದು ಆಗ ತೋರಿದರೂ, ಸೈಕಲ್ಲು ಸಹ ರಸ್ತೆಯ ಹಕ್ಕುದಾರ, ಅದಕ್ಕೂ ಕರ್ತವ್ಯಗಳಿವೆ ಎಂಬ ಭಾವನೆ ಅದರಲ್ಲಿ ಅಡಗಿತ್ತು. ತೆರಿಗೆ ಹೋಯಿತು, ಬಿಲ್ಲೆ ಹೋಯಿತು. ೧೯೩೯ರ ಮೋಟಾರು ವಾಹನ ಕಾಯಿದೆಯ ಸ್ಥಳದಲ್ಲಿ ೧೯೮೮ರ ಕಾಯಿದೆ ರಚಿತವಾಗಿ ೧೯೮೯ರ ಜುಲೈ ೧ರಿಂದ ಜಾರಿಗೆ ಬಂದಿತು. ಅದು ಹೆಸರೇ ಹೇಳುವಂತೆ ಮೋಟಾರು ವಾಹನಗಳ ಕಾಯಿದೆ. ತುಳಿದು ನಡೆಸುವ ಸೈಕಲ್ಲು ಅದರ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹೀಗೆ ಎಣಿಕೆಯಿಂದ ಜಾರಿದ ವಾಹನವು ಕ್ರಮೇಣ ರಸ್ತೆಯನ್ನು ರಚಿಸುವವರ ಮನಸ್ಸಿನಿಂದಲೂ ಜಾರಿತು.

ಅದನ್ನು ಮತ್ತೆ ಗ್ರಾಮಗಳಿಗೆ ದೊಡ್ಡ ಪ್ರಮಾಣದಲ್ಲಿ ತಂದದ್ದು ರಾಜ್ಯ ಸರ್ಕಾರವೇ. ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ಲು ನೀಡುವ ಯೋಜನೆ ಆರಂಭವಾಗಿ, ಮರುವರ್ಷ ಗಂಡುಮಕ್ಕಳಿಗೂ ವಿಸ್ತರಿಸಿತು. ಊರಿನ ಪ್ರಾಥಮಿಕ ಶಾಲೆಯಲ್ಲಿ ಓದು ಮುಗಿಸಿ ಮೂರು ನಾಲ್ಕು ಮೈಲಿ ದೂರದ ಪ್ರೌಢಶಾಲೆಗೆ ಹೋಗಲಾರದೆ ನಿಂತುಬಿಡುತ್ತಿದ್ದ ಹುಡುಗಿಯರ ಪಾಲಿಗೆ ಅದು ನಿಜವಾದ ಉಪಕಾರವಾಯಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಈ ವಿತರಣೆಯೂ ನಿಂತಿತು. ೨೦೨೩ರ ಜೂನ್ ೧೧ರಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಬಸ್ಸು ದೊರೆತಿದೆ. ಗಂಡುಮಕ್ಕಳಿಗೆ ಹಾಗಿಲ್ಲ, ಹಳೆಯ ಸೈಕಲ್ಲು ಇಲ್ಲವೆ ಅಪ್ಪನ ಮೋಟಾರುಬೈಕು ಇವೆರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳುತ್ತಿದ್ದಾರೆ. ಎರಡನೆಯದನ್ನು ಆರಿಸಿಕೊಂಡ ಹದಿನೈದರ ಬಾಲಕನಿಗಾಗಿ ೨೦೧೯ರ ತಿದ್ದುಪಡಿಯು ಅವನ ತಂದೆಗೆ ೨೫,೦೦೦ ರೂಪಾಯಿ ದಂಡವನ್ನೂ ೩ ವರ್ಷಗಳವರೆಗಿನ ಸೆರೆವಾಸವನ್ನೂ ವಿಧಿಸಿದೆ ಎಂಬುದು ಅನೇಕ ಪೋಷಕರಿಗೆ ತಿಳಿದೇ ಇಲ್ಲ.

ಈ ನಡುವೆ ರಸ್ತೆಗಳು ಸುಧಾರಿಸಿದವು. ಮೈಸೂರಿನಿಂದ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳ ಮೂಲಕ ಮಡಿಕೇರಿಗೆ ಹೋಗುವ ಮಾರ್ಗವು ೨೭೫ನೆಯ ರಾಷ್ಟ್ರೀಯ ಹೆದ್ದಾರಿಯ ಭಾಗವಾಯಿತು. ಬಿಳಿಕೆರೆಯಿಂದ ಕೃಷ್ಣರಾಜನಗರದ ಮೇಲೆ ಹಾಸನ, ಬೇಲೂರುಗಳತ್ತ ಹೋಗುವುದು ೩೭೩ನೆಯ ಹೆದ್ದಾರಿ. ಕೊಡಗಿಗೆ ವಿಹಾರಕ್ಕೆ ಹೋಗುವ ಕಾರುಗಳು, ಕೇರಳದ ಲಾರಿಗಳು, ಹೊಗೆಸೊಪ್ಪಿನ ಮಂಡಿಗೆ ಸಾಗುವ ಟ್ರಾಕ್ಟರುಗಳು, ಹಾಲಿನ ಕ್ಯಾನು ತೂಗಿಸಿಕೊಂಡ ಸೈಕಲ್ಲುಗಳು ಎಲ್ಲಕ್ಕೂ ಒಂದೇ ಪಟ್ಟಿಯಗಲದ ಡಾಂಬರು. ಇಲ್ಲಿಯೇ ಜಗಳ ಹುಟ್ಟುವುದು. "ಏನಯ್ಯ, ಮನೇಲಿ ಹೇಳಿ ಬಂದಿದ್ದೀಯಾ?" ಎಂದು ಚಾಲಕನು ಕೂಗುತ್ತಾನೆ, "ರಸ್ತೆ ನಿಮ್ಮಪ್ಪಂದಾ?" ಎಂದು ಸವಾರನು ಗೊಣಗುತ್ತಾನೆ. ಕೇಳಿದವರು ಇದನ್ನು ಸಂಸ್ಕಾರದ ಕೊರತೆಯೆಂದು ತಿಳಿಯುವುದು ಸಹಜ. ಆದರೆ ಇಬ್ಬರ ಬಾಯಿಂದ ಆ ಮಾತನ್ನು ಹೊರಡಿಸುವ ಕಾರಣವು ಸಂಸ್ಕಾರದಲ್ಲಿಲ್ಲ, ರಸ್ತೆಯ ಅಂಚಿನಲ್ಲಿದೆ.

ಡಾಂಬರನ್ನು ಕಿತ್ತು ಹಾಕದೆ ಹಳೆಯದರ ಮೇಲೆ ಹೊಸದನ್ನು ಹಾಸುತ್ತ ಹೋದಂತೆ ರಸ್ತೆಯ ಮಟ್ಟ ಏರುತ್ತದೆ. ಪಕ್ಕದ ಮಣ್ಣಿನ ದಡವು ಮಳೆನೀರಿಗೆ ಕೊರೆದು ಇಳಿಯುತ್ತದೆ. ಎರಡರ ನಡುವೆ ಗೇಣುದ್ದವಲ್ಲದಿದ್ದರೂ ನಾಲ್ಕಾರು ಅಂಗುಲದ ಮೆಟ್ಟಿಲು ಉಂಟಾಗುತ್ತದೆ. ಕಾರಿನಲ್ಲಿ ಕುಳಿತವನಿಗೆ ಆ ಮೆಟ್ಟಿಲು ಕಾಣುವುದೇ ಇಲ್ಲ. ತಾನು ಹಾರನ್ನು ಹೊಡೆದರೂ ಸೈಕಲ್ಲಿನವನು ಕೆಳಗಿಳಿಯದೆ ಮೊಂಡುತನ ಮಾಡುತ್ತಿದ್ದಾನೆಂದು ಅವನು ಭಾವಿಸುತ್ತಾನೆ. ಸೈಕಲ್ಲಿನವನಿಗೋ, ಹಿಂದೆ ಕ್ಯಾರಿಯರಿನಲ್ಲಿ ಭಾರವಿಟ್ಟುಕೊಂಡು ಆ ಮೆಟ್ಟಿಲಿಳಿದರೆ ಮುಂದಿನ ಚಕ್ರ ಹೊರಳಿ ಬೀಳುವ ಭಯ. ಇಳಿದನೆಂದರೆ ಮತ್ತೆ ಹತ್ತುವಾಗ ಅಂಚಿಗೆ ಟೈರು ತಾಗಿ ರಸ್ತೆಯ ನಡುವೆಯೇ ಉರುಳುವ ಭಯ. ಎರಡು ಚಕ್ರದ ಮೇಲೆ ನಿಂತಿರುವ ಯಾವ ವಾಹನವೂ ಗೆರೆ ಎಳೆದಂತೆ ನೇರವಾಗಿ ಹೋಗಲಾರದು. ಸಮತೋಲಕ್ಕಾಗಿಯೇ ಅದು ಎಡಕ್ಕೂ ಬಲಕ್ಕೂ ಸ್ವಲ್ಪ ಓಲುತ್ತಿರಬೇಕು. ಏರಿನಲ್ಲಿ, ಎದುರುಗಾಳಿಯಲ್ಲಿ ಈ ಓಲಾಟ ಹೆಚ್ಚು. ಆದಕಾರಣ ಸವಾರನಿಗೆ ತನ್ನ ಮೈಯಗಲಕ್ಕಿಂತ ಹೆಚ್ಚು, ಸುಮಾರು ಒಂದು ಮೀಟರು ಜಾಗ ಬೇಕು. ಅದರಾಚೆಗೆ ಹಿಂದಿಕ್ಕುವ ವಾಹನವು ಬಿಡಬೇಕಾದ ಅಂತರ ಬೇರೆ. ಜರ್ಮನಿಯಲ್ಲಿ ೨೦೨೦ರಿಂದ ಈ ಅಂತರವು ಊರೊಳಗೆ ಒಂದೂವರೆ ಮೀಟರು, ಊರ ಹೊರಗೆ ಎರಡು ಮೀಟರು ಎಂದು ನಿಯಮವಾಗಿದೆ. ಬಸ್ಸು ಅತಿ ಸಮೀಪದಲ್ಲಿ ರಭಸದಿಂದ ಹಾದುಹೋದಾಗ ಗಾಳಿಯು ಮೊದಲು ತಳ್ಳಿ ಆಮೇಲೆ ಒಳಕ್ಕೆ ಸೆಳೆಯುವುದನ್ನು ಸೈಕಲ್ಲು ತುಳಿದವರೆಲ್ಲರೂ ಬಲ್ಲರು.

ವೇಗದ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದು. ಗಂಟೆಗೆ ೪೦ ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ೧೧ ಮೀಟರು ಸಾಗುತ್ತದೆ. ಅಪಾಯ ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ ೧೭ ಮೀಟರು ಅಲ್ಲಿಯೇ ಕಳೆಯಿತು. ಒಣಗಿದ ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಇನ್ನೂ ೧೨ ಮೀಟರು. ಒಟ್ಟು ೩೦ ಮೀಟರಿಗೆ ಸ್ವಲ್ಪ ಕಡಿಮೆ. ವೇಗ ೮೦ ಆದಾಗ ಈ ದೂರ ಎರಡು ಪಟ್ಟಾಗುವುದೆಂದು ಸಾಮಾನ್ಯರು ತಿಳಿಯುತ್ತಾರೆ. ಆದರೆ ಬ್ರೇಕು ಹಿಡಿದ ಮೇಲಿನ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ನಾಲ್ಕು ಪಟ್ಟು ಏರುವುದರಿಂದ ಒಟ್ಟು ೮೦ ಮೀಟರನ್ನು ಮೀರುತ್ತದೆ. ಗಂಟೆಗೆ ೧೨ ಕಿಲೋಮೀಟರಿನಂತೆ ಮುಂದೆ ಸಾಗುತ್ತಿರುವ ಸೈಕಲ್ಲನ್ನು ಅಷ್ಟು ದೂರದಿಂದ ಕಂಡ ಚಾಲಕನಿಗೆ ಯೋಚಿಸಲು ದೊರೆಯುವುದು ನಾಲ್ಕೇ ಸೆಕೆಂಡು. ಭಾರ ತುಂಬಿದ ಲಾರಿಗೆ ಈ ಲೆಕ್ಕ ಇನ್ನೂ ಕಠಿಣ.

ರಾತ್ರಿಯ ಸಂಗತಿ ಬೇರೆ. ಎದುರಿನಿಂದ ಬರುವ ವಾಹನ ದೀಪವನ್ನು ತಗ್ಗಿಸದೆ ಕಣ್ಣು ಕುಕ್ಕಿಸಿದಾಗ, ಮುಂದಿರುವ ಸೈಕಲ್ಲು ಕೆಲ ಕ್ಷಣ ಚಾಲಕನ ಪಾಲಿಗೆ ಇಲ್ಲವೇ ಇಲ್ಲ. ಹಿಂದಿನ ಸೈಕಲ್ಲುಗಳಿಗೆ ಡೈನಮೋ ದೀಪವಾದರೂ ಇರುತ್ತಿತ್ತು. ಈಗಿನ ಅಗ್ಗದ ಸೈಕಲ್ಲುಗಳಲ್ಲಿ ಅದಿಲ್ಲ. ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರುಗಳ ಗುಣಮಟ್ಟವನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರವು ೨೦೨೦ರಲ್ಲಿ ಹೊರಡಿಸಿತಾದರೂ, ಹತ್ತಾರು ವರ್ಷಗಳ ಹಳೆಯ ಸೈಕಲ್ಲುಗಳೇ ಓಡಾಡುವ ಊರುಗಳಿಗೆ ಅದರ ಫಲ ಮುಟ್ಟುವುದು ತಡ. ಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ಕಾಡಿನ ರಸ್ತೆಯನ್ನು ಸಂಜೆ ೬ರಿಂದ ಬೆಳಿಗ್ಗೆ ೬ರವರೆಗೆ ಮುಚ್ಚಲಾಗುತ್ತದೆ. ವನ್ಯಪ್ರಾಣಿಗಳಿಗೆ ಅದರಿಂದ ಒಳಿತಾಗಿದೆ. ಗೇಟು ಮುಚ್ಚುವ ಮುನ್ನ ದಾಟಿಬಿಡುವ ಚಾಲಕರ ಅವಸರಕ್ಕೂ, ಅದೇ ಹೊತ್ತಿನಲ್ಲಿ ಹೊಲದಿಂದ ಹಿಂದಿರುಗುವ ಅಂತರಸಂತೆಯ ಕಡೆಯ ರೈತರ ಸೈಕಲ್ಲಿಗೂ ಮುಸ್ಸಂಜೆ ಒಂದೇ.

ನ್ಯಾಯವಾಗಿ ಹೇಳುವುದಾದರೆ ಚಾಲಕರ ದೂರುಗಳೂ ಪೊಳ್ಳಲ್ಲ. ಹಿಂತಿರುಗಿ ನೋಡದೆ, ಕೈ ತೋರಿಸದೆ ಬಲಕ್ಕೆ ಹೊರಳುವುದು. ಶಾಲೆ ಬಿಟ್ಟ ಕೂಡಲೆ ಮೂವರು ನಾಲ್ವರು ಸಾಲಾಗಿ ಮಾತನಾಡುತ್ತ ಹೋಗುವುದು. ರಸ್ತೆಯ ಅರ್ಧವನ್ನು ನುಂಗುವಂತೆ ಹುಲ್ಲಿನ ಹೊರೆ ಅಡ್ಡಲಾಗಿ ಕಟ್ಟುವುದು. ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡಿರುವುದು. ವೇಳಾಪಟ್ಟಿಗೆ ಬದ್ಧನಾದ ಬಸ್ಸಿನ ಚಾಲಕನು ದಿನವೊಂದಕ್ಕೆ ನೂರು ಬಾರಿ ಇದನ್ನು ಎದುರಿಸುತ್ತಾನೆ. ಇವನ್ನೆಲ್ಲ ತಿದ್ದಬೇಕಾದದ್ದೇ. ಆದರೂ ತಪ್ಪು ಯಾರದಾದರೂ ಪ್ರಾಣ ಹೋಗುವುದು ಸೈಕಲ್ಲಿನವನದು. ೨೦೧೭ರ ಮೋಟಾರು ವಾಹನ ಚಾಲನಾ ನಿಯಮಾವಳಿಯು ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವೃದ್ಧರ ಬಗ್ಗೆ ಚಾಲಕನು ವಿಶೇಷ ಎಚ್ಚರ ವಹಿಸಬೇಕೆಂದು ವಿಧಿಸಿರುವುದು ಈ ಕಾರಣಕ್ಕಾಗಿಯೇ.

ರಸ್ತೆ ಸುರಕ್ಷತಾ ಸಪ್ತಾಹವನ್ನು ದೇಶದಲ್ಲಿ ಸಾಮಾನ್ಯವಾಗಿ ಜನವರಿಯಲ್ಲಿ ಆಚರಿಸುತ್ತ ಬಂದಿದ್ದಾರೆ. ೨೦೨೧ರಿಂದೀಚೆಗೆ ಕೆಲವು ವರ್ಷ ಮಾಸಾಚರಣೆಯೂ ನಡೆದಿದೆ. ಜಾಥಾ, ಬೀದಿನಾಟಕ, ಪ್ರಬಂಧ ಸ್ಪರ್ಧೆ, ಪ್ರತಿಜ್ಞಾವಿಧಿ ಇವೆಲ್ಲ ಶ್ರದ್ಧೆಯಿಂದಲೇ ನಡೆಯುತ್ತವೆ. ವಿಚಿತ್ರವೆಂದರೆ ಜನವರಿಯು ಈ ಸೀಮೆಯಲ್ಲಿ ಒಕ್ಕಣೆಯ ಕಾಲ. ಕಣ ಮಾಡುವ ಶ್ರಮವನ್ನು ಉಳಿಸಲು ರೈತರು ರಾಗಿ, ಹುರುಳಿಗಳನ್ನು ಡಾಂಬರಿನ ಮೇಲೆ ಹರಡಿ ವಾಹನಗಳಿಂದ ತುಳಿಸುತ್ತಾರೆ. ಅಂಚಿನಲ್ಲಿ ಹೋಗಬೇಕಾದ ಸೈಕಲ್ಲು ಆಗ ಅನಿವಾರ್ಯವಾಗಿ ನಡುರಸ್ತೆಗೆ ಬರುತ್ತದೆ. ಹುರುಳಿ ಸೊಪ್ಪಿನ ಮೇಲೆ ಬೈಕಿನ ಚಕ್ರ ಜಾರುತ್ತದೆ. ಜಾಥಾದ ಮಕ್ಕಳು ಆ ಒಕ್ಕಣೆಯನ್ನು ಬಳಸಿಕೊಂಡೇ ಘೋಷಣೆ ಕೂಗುತ್ತ ಸಾಗುತ್ತಾರೆ!

ಈ ಪ್ರಚಾರಗಳ ನಿಜವಾದ ಕೊರತೆ ಬೇರೆಯೇ ಇದೆ. ಮಾತನಾಡುವವರು ಅಧಿಕಾರಿಗಳು, ಕೇಳುವವರು ವಿದ್ಯಾರ್ಥಿಗಳು. ವೇಗವಾಗಿ ಓಡಿಸುವವನು ಸಭೆಯಲ್ಲಿ ಇರುವುದೇ ಇಲ್ಲ. ಭಾರತದಲ್ಲಿ ೨೦೨೨ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು ೧,೬೮,೪೯೧ ಮಂದಿ ಎಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅತಿವೇಗವೇ ಇದಕ್ಕೆ ಮುಖ್ಯ ಕಾರಣವೆಂದು ಅದೇ ವರದಿ ಹೇಳುತ್ತದೆ. ಹಾಗಿದ್ದೂ ಎಚ್ಚರಿಕೆಯ ಉಪದೇಶವು ವೇಗವೇ ಇಲ್ಲದ ವಾಹನದವನಿಗೆ ಹೆಚ್ಚಾಗಿ ಸಲ್ಲುತ್ತಿದೆ.

ನೆದರ್ಲೆಂಡ್ಸ್ ದೇಶವು ಸೈಕಲ್ಲುಗಳ ನಾಡೆಂದು ಇಂದು ಪ್ರಸಿದ್ಧವಾಗಿದೆ. ಅದು ಹುಟ್ಟಿನಿಂದಲೇ ಹಾಗಿರಲಿಲ್ಲ. ೧೯೭೦ರ ದಶಕದ ಆರಂಭದಲ್ಲಿ ಅಲ್ಲಿ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ರಸ್ತೆಯಲ್ಲಿ ಸಾಯುತ್ತಿದ್ದರು; ಅವರಲ್ಲಿ ನೂರಾರು ಮಕ್ಕಳು. ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನು ೧೯೭೨ರಲ್ಲಿ 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬರ್ಥದ ಲೇಖನ ಬರೆದನು. ಅದೇ ಹೆಸರಿನ ಚಳವಳಿ ಹುಟ್ಟಿತು. ಆ ಪೋಷಕರು ಮಕ್ಕಳಿಗೆ ಎಚ್ಚರ ಹೇಳುವುದಕ್ಕಿಂತ ಹೆಚ್ಚಾಗಿ ರಸ್ತೆಯನ್ನೇ ಬದಲಿಸಿರೆಂದು ಸರ್ಕಾರವನ್ನು ಕೇಳಿದರು. ಕಾಲಕ್ರಮದಲ್ಲಿ ಪ್ರತ್ಯೇಕ ಸೈಕಲ್ ಪಥಗಳೂ ಬಡಾವಣೆಗಳಲ್ಲಿ ವೇಗಮಿತಿಯೂ ಬಂದವು. ಮೈಸೂರಿನಲ್ಲಿಯೂ ೨೦೧೭ರ ಜೂನ್ ತಿಂಗಳಲ್ಲಿ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ೪೫೦ ಸೈಕಲ್ಲುಗಳೊಡನೆ ಆರಂಭವಾಯಿತು. ಅದು ನಗರದ ಮಾತು; ಹಳ್ಳಿಯ ಹೆದ್ದಾರಿಯ ಅಂಚಿಗೆ ಅದರಿಂದ ಏನೂ ಆಗಲಿಲ್ಲ.

ಈಗ ಈ ಸೀಮೆಗೆ ಇನ್ನೊಂದು ಬದಲಾವಣೆ ಬರುತ್ತಿದೆ. ಮೈಸೂರು ಮತ್ತು ಕುಶಾಲನಗರಗಳ ನಡುವೆ ಸುಮಾರು ೯೨ ಕಿಲೋಮೀಟರು ಉದ್ದದ, ೪,೧೩೦ ಕೋಟಿ ರೂಪಾಯಿ ಅಂದಾಜಿನ ಚತುಷ್ಪಥ ಹೆದ್ದಾರಿಗೆ ೨೦೨೩ರ ಮಾರ್ಚ್ ೧೨ರಂದು ಶಂಕುಸ್ಥಾಪನೆಯಾಯಿತು. ಅದೇ ದಿನ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಅನುಭವವು ಇಲ್ಲಿಗೆ ಪಾಠವಾಗಬಲ್ಲುದು. ಅಲ್ಲಿ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರು ಮತ್ತು ಮೋಟಾರಿಲ್ಲದ ವಾಹನಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು ಪಕ್ಕದ ರಸ್ತೆಗೆ ಕಳಿಸಲಾಯಿತು. ವೇಗದ ವಾಹನದಿಂದ ನಿಧಾನದ ವಾಹನವನ್ನು ಬೇರ್ಪಡಿಸುವುದು ಸರಿಯಾದ ತತ್ತ್ವವೇ. ಆದರೆ ಪಕ್ಕದ ರಸ್ತೆಯು ಎಲ್ಲಿಯೂ ಕಡಿಯದೆ ಸಾಗಿದರೆ ಮಾತ್ರ ಅದು ಬೇರ್ಪಡಿಸುವಿಕೆ. ಸೇತುವೆಯ ಬಳಿ ಕಡಿದುಹೋದರೆ ಹೊರದೂಡುವಿಕೆ. ಆಚೆ ಬದಿಯ ಹೊಲಕ್ಕೆ ಹೋಗಲು ಕೆಳಸೇತುವೆಯವರೆಗೆ ಎರಡು ಕಿಲೋಮೀಟರು ಸುತ್ತಬೇಕಾದರೆ ಸೈಕಲ್ಲಿನವನಿಗೆ ಹತ್ತು ನಿಮಿಷದ ತುಳಿತ, ಹಿಂದಿರುಗಲು ಮತ್ತೆ ಹತ್ತು ನಿಮಿಷ. ಆಗ ಅವನು ಬೇಲಿ ದಾಟುತ್ತಾನೆ, ಇಲ್ಲವೆ ಎದುರುದಿಕ್ಕಿನಲ್ಲಿ ಬರುತ್ತಾನೆ. ಯಾವ ಕೆಳಸೇತುವೆ ಯಾವ ಶಾಲೆಯ ದಾರಿಯಲ್ಲಿ ಬರಬೇಕು, ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ಲುವುದೇ, ದೀಪವಿರುವುದೇ ಎಂಬುದನ್ನು ಕೇಳಬೇಕಾದದ್ದು ಕಾಮಗಾರಿ ನಡೆಯುವಾಗಲೇ ಹೊರತು ರಸ್ತೆ ತೆರೆದ ಮೇಲಲ್ಲ. ಮಕ್ಕಳು ಯಾವ ಊರಿನಿಂದ ಯಾವ ದಾರಿ ಹಿಡಿದು ಬರುತ್ತಾರೆಂಬುದು ಇಂಜಿನಿಯರಿಗಿಂತ ಹಾಜರಿ ಪುಸ್ತಕ ಹಿಡಿದ ಉಪಾಧ್ಯಾಯರಿಗೆ ಚೆನ್ನಾಗಿ ಗೊತ್ತು. ಪಾದಚಾರಿಗಳಿಗೂ ಮೋಟಾರಿಲ್ಲದ ವಾಹನಗಳಿಗೂ ನಿಯಮ ರಚಿಸುವ ಅಧಿಕಾರವನ್ನು ೨೦೧೯ರ ತಿದ್ದುಪಡಿಯು ರಾಜ್ಯಗಳಿಗೆ ಕೊಟ್ಟಿದೆ. ಆ ನಿಯಮಗಳನ್ನು ಆರು ತಿಂಗಳೊಳಗೆ ರಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಅಕ್ಟೋಬರಿನಲ್ಲಿ ಆದೇಶಿಸಿತು.

ಅಪಘಾತವಾದ ಮೇಲಿನ ಅಜ್ಞಾನವೂ ಪ್ರಾಣ ತೆಗೆಯುತ್ತದೆ. ಗಾಯಾಳುವನ್ನು ಮುಟ್ಟಿದರೆ ಸಾಕ್ಷಿಗೆ ಅಲೆಯಬೇಕೆಂಬ ಭಯದಿಂದ ಜನ ಸುಮ್ಮನೆ ನಿಲ್ಲುತ್ತಿದ್ದರು. ಸಹಾಯಕ್ಕೆ ಬಂದವರನ್ನು ಪೀಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೬ರ ಮಾರ್ಚ್ ೩೦ರಂದು ತೀರ್ಪಿತ್ತಿದೆ. ಕರ್ನಾಟಕವು ಈ ಕುರಿತು ತನ್ನದೇ ಕಾಯಿದೆ ಮಾಡಿದೆ. ೧೦೮ರ ಆಂಬುಲೆನ್ಸು ೨೦೦೮ರ ನವೆಂಬರಿನಿಂದ ರಾಜ್ಯದಲ್ಲಿದೆ. ಗುದ್ದಿದ ವಾಹನ ಪತ್ತೆಯಾಗದೆ ಹೋದರೂ ೨೦೨೨ರ ಏಪ್ರಿಲ್ ೧ರ ತರುವಾಯದ ಪ್ರಕರಣಗಳಲ್ಲಿ ಸತ್ತವರ ಕುಟುಂಬಕ್ಕೆ ೨ ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ ೫೦,೦೦೦ ರೂಪಾಯಿ ಪರಿಹಾರವುಂಟು. ಅರ್ಜಿ ಸಲ್ಲಿಸಬೇಕಾದದ್ದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ. ಹಳ್ಳಿಗಳಲ್ಲಿ ಇದನ್ನು ಬಲ್ಲವರು ವಿರಳ.

ಶಾಲೆಗಳು ಮಾಡಬಹುದಾದ ಕೆಲಸ ದೊಡ್ಡ ವೆಚ್ಚದ್ದಲ್ಲ. ವರ್ಷಕ್ಕೆರಡು ಬಾರಿ ಸೈಕಲ್ ರಿಪೇರಿಯವರನ್ನು ಕರೆಸಿ ಬ್ರೇಕು, ಚೈನು, ಗಂಟೆಗಳನ್ನು ಪರೀಕ್ಷಿಸಬಹುದು. ಸಂಜೆಯ ವಿಶೇಷ ತರಗತಿಯನ್ನು ಕತ್ತಲಿಗೆ ಮುನ್ನ ಬಿಡಬಹುದು. ದಾನಿಗಳು ಬ್ಯಾನರಿಗೆ ಕೊಡುವ ಹಣದಲ್ಲಿ ಒಂದೊಂದು ಸೈಕಲ್ಲಿಗೂ ಹಿಂಬದಿಯ ಕೆಂಪು ರಿಫ್ಲೆಕ್ಟರು ಬರುತ್ತದೆ. ಇನ್ನು ಪ್ರಚಾರ ಸಭೆ. ಅದನ್ನು ಶಾಲೆಯ ಅಂಗಳದಿಂದ ಹೊಗೆಸೊಪ್ಪಿನ ಹರಾಜು ಕಟ್ಟೆಗೆ ಒಯ್ಯುವುದು ಲೇಸು. ಕಟ್ಟೆಮಳಲವಾಡಿಯಲ್ಲಿ, ಕಂಪಲಾಪುರದಲ್ಲಿ ಹರಾಜಿನ ತಿಂಗಳುಗಳಲ್ಲಿ ಬೇಲು ತುಂಬಿದ ಟ್ರಾಕ್ಟರು, ಟೆಂಪೊಗಳು ಸರದಿಗಾಗಿ ಗಂಟೆಗಟ್ಟಲೆ ಕಾದು ನಿಂತಿರುತ್ತವೆ. ಚಾಲಕರು ಕೆಲಸವಿಲ್ಲದೆ ಮರದಡಿ ಕುಳಿತಿರುತ್ತಾರೆ. ಟ್ರೈಲರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಲು ಬೇಕಾಗುವುದು ಹತ್ತು ನಿಮಿಷ.