ಹೆರಿಗೆ ಆಯಿತೆಂದು ಬಿ.ಪಿ. ಮರೆಯಬೇಡಿ



ಗರ್ಭಿಣಿಗೆ ಬಿ.ಪಿ. ಹೆಚ್ಚಾದರೆ ತಾಯಿ-ಮಗು ಇಬ್ಬರಿಗೂ ಅಪಾಯ ಎಂಬುದು ನಮ್ಮ ಸಂಘಗಳಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೆ ಹೆರಿಗೆಯಾದ ಮೇಲೂ ಸುಮಾರು 6 ವಾರ ಈ ಅಪಾಯ ಇರುತ್ತದೆ. "ಮಗು ಹುಟ್ಟಿತಲ್ಲ, ಇನ್ನೇನು?" ಎಂದು ಮಾತ್ರೆ ಬಿಟ್ಟುಬಿಡುವವರೇ ಜಾಸ್ತಿ.

ಬಿ.ಪಿ. ಎಷ್ಟಿದ್ದರೆ ಹೆಚ್ಚು?

140/90 ಅಥವಾ ಅದಕ್ಕಿಂತ ಮೇಲಿದ್ದರೆ ಹೆಚ್ಚು. 160/110 ಮುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 5 ತಿಂಗಳಾದ ಮೇಲೆ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದ್ದರೆ ಅದು ಗರ್ಭನಂಜು. ಚೊಚ್ಚಲ ಬಸಿರು, ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, ಹಿಂದಿನ ಬಸಿರಿನಲ್ಲಿ ಬಿ.ಪಿ. ಇದ್ದವರು ಹೆಚ್ಚು ಜಾಗ್ರತೆಯಿಂದಿರಬೇಕು. ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ, ಅಳೆದು ನೋಡಿದರೇ ಗೊತ್ತಾಗುವುದು. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ, ತಾಯಿ ಕಾರ್ಡ್ ಹಿಡಿದು ಹೋಗಿ.

ಬಾಣಂತನದಲ್ಲಿ

ಬಸಿರಿನಲ್ಲಿ ಮೈಯಲ್ಲಿ ಸೇರಿದ ನೀರು ಹೆರಿಗೆಯ ನಂತರ ರಕ್ತನಾಳಗಳಿಗೆ ವಾಪಸ್ಸು ಬರುತ್ತದೆ. ಅದಕ್ಕೇ 3ರಿಂದ 6ನೇ ದಿನದಲ್ಲಿ ಬಿ.ಪಿ. ಬಹಳ ಏರಬಹುದು. ಅಷ್ಟರಲ್ಲಿ ಬಾಣಂತಿ ಮನೆಗೆ ಬಂದು ಕೋಣೆ ಸೇರಿರುತ್ತಾಳೆ! ಆಶಾ ಕಾರ್ಯಕರ್ತೆ 3 ಮತ್ತು 7ನೇ ದಿನ ಮನೆಗೆ ಬಂದಾಗ ಮಗುವನ್ನು ಮಾತ್ರ ತೋರಿಸಬೇಡಿ, ತಾಯಿಯ ಬಿ.ಪಿ. ನೋಡಿಸುವ ಏರ್ಪಾಡನ್ನೂ ಕೇಳಿ. ಎದೆಹಾಲು ಕುಡಿಸುತ್ತಿದ್ದರೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ.

ಅಪಾಯದ ಚಿಹ್ನೆಗಳು

* ಬಿಡದ ತಲೆನೋವು
* ಕಣ್ಣು ಮಂಜಾಗುವುದು
* ಹೊಟ್ಟೆಯ ಮೇಲ್ಭಾಗದಲ್ಲಿ ನೋವು
* ಮುಖ, ಕೈ ಒಮ್ಮೆಲೇ ಊದುವುದು
* ಉಸಿರು ಕಟ್ಟುವುದು
* ಫಿಟ್ಸ್

ಇದಕ್ಕೆ "ಥಂಡಿ ಹಿಡಿದಿದೆ" ಎಂದು ಕಷಾಯ ಕೊಡುತ್ತಾ, "ಗಾಳಿ ಸೋಕಿದೆ" ಎಂದು ತಾಯತ ಕಟ್ಟಿಸುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಫಿಟ್ಸ್ ತಡೆಯುವ ಇಂಜೆಕ್ಷನ್ ಆಸ್ಪತ್ರೆಯಲ್ಲಿದೆ. ಸಮಯಕ್ಕೆ ಮುಟ್ಟಿದರೆ ಜೀವ ಉಳಿಯುತ್ತದೆ.

ಸಂಘ ಏನು ಮಾಡಬಹುದು?

ವಾರದ ಸಭೆಯಲ್ಲಿ ಊರಿನ ಗರ್ಭಿಣಿ, ಬಾಣಂತಿಯರ ಪಟ್ಟಿ ಮಾಡಿ. ಒಬ್ಬೊಬ್ಬರ ಮನೆಗೆ ಒಬ್ಬ ಸದಸ್ಯೆ ಹೋಗಿ ಬರಲಿ. ರಾತ್ರಿ ಹೊತ್ತಿನಲ್ಲಿ ಬೇರೆ ವಾಹನ ಮಾಡಬೇಕಾಗಿ ಬಂದರೆ ಉಳಿತಾಯದಿಂದ ತುರ್ತು ಸಾಲ ಕೊಡಲು ಇಂದೇ ನಿರ್ಣಯ ಬರೆದಿಡಿ. ಅತ್ತೆಯಂದಿರಿಗೂ, ಗಂಡಸರಿಗೂ ಈ ಚಿಹ್ನೆಗಳನ್ನು ತಿಳಿಸಿ. ಬಸಿರಿನಲ್ಲಿ ಬಿ.ಪಿ. ಬಂದವರಿಗೆ ಮುಂದೆಯೂ ಬರುವ ಸಂಭವ ಹೆಚ್ಚು, ಆದ್ದರಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ.

ತೊಟ್ಟಿಲು ತೂಗುವ ಕೈ ಉಳಿದರೆ ಮನೆ ಉಳಿಯುತ್ತದೆ. ದೇವರು ಕೊಟ್ಟ ಈ ಜೀವವನ್ನು ಕಾಯುವುದು ನಮ್ಮೆಲ್ಲರ ಹೊಣೆ.