ತಿಂಗಳಿಗೆ ನಾಲ್ಕು ರೂಪಾಯಿ ಸಂಬಳದ ಬೌಲರ್

ಭಾನುವಾರ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮೈದಾನಗಳಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಹುಮಾನದ ಮೊತ್ತ ದೊಡ್ಡದಾದರೆ ಬೇರೆ ಊರಿನ ಒಳ್ಳೆಯ ಬೌಲರನ್ನು ದುಡ್ಡು ಕೊಟ್ಟು ಕರೆಸುವುದೂ ಉಂಟು. ಗೆದ್ದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ, ಸೋತರೆ ಕಾಸಿಗೆ ಆಡುವವನೆಂದು ಹಳಿಯುತ್ತಾರೆ. ದುಡ್ಡು ಪಡೆದು ಆಡುವವನನ್ನು ಹೀಗೆ ಒಂದು ಕಡೆ ಮೆಚ್ಚಿ ಇನ್ನೊಂದು ಕಡೆ ಕೀಳಾಗಿ ಕಾಣುವ ಸ್ವಭಾವ ಇಂದಿನದಲ್ಲ. ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಬೆಳೆದು, ಮುಂಬಯಿಯಲ್ಲಿ ಹೆಸರು ಮಾಡಿದ ಪಾಲ್ವಂಕರ್ ಬಾಳು ಅವರ ಬದುಕನ್ನು ನೋಡಿದರೆ ಅದರ ಬೇರು ಎಲ್ಲಿದೆಯೆಂಬುದು ತಿಳಿಯುತ್ತದೆ. ಆಟಕ್ಕೆ ಸಂಬಳ ಸಿಕ್ಕಿದ್ದರಿಂದಲೇ ಬಡವನಿಗೆ ಮೈದಾನದ ಬಾಗಿಲು ತೆರೆಯಿತು. ಮರ್ಯಾದೆ ಮಾತ್ರ ಸಂಬಳದ ಜೊತೆ ತಾನಾಗಿ ಬರಲಿಲ್ಲ. ಅದಕ್ಕಾಗಿ ಬೇರೆಯೇ ಹೋರಾಟ ನಡೆಯಬೇಕಾಯಿತು.

ಬಾಳು ಹುಟ್ಟಿದ್ದು 1870ರ ದಶಕದ ನಡುವಿನಲ್ಲಿ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮ್ಮಾರ ಸಮುದಾಯದಲ್ಲಿ. ಸೇನೆಯ ನಂಟಿನಿಂದ ಕುಟುಂಬ ಪುಣೆ ಸೇರಿತ್ತು. ಬ್ರಿಟಿಷ್ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳೇ ಬಾಳು ಮತ್ತು ತಮ್ಮ ಶಿವರಾಂಗೆ ಆಟ ಕಲಿಸಿದವು. ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ಬಾಳು ಪಡೆಯುತ್ತಿದ್ದುದು ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು. ಅಲ್ಲಿ ನೆಟ್ ಕಟ್ಟುವುದು, ಪಿಚ್ ಸಿದ್ಧಮಾಡುವುದರ ಜೊತೆಗೆ ಸಾಹೇಬರ ಅಭ್ಯಾಸಕ್ಕೆ ಬೌಲಿಂಗ್ ಮಾಡುವುದೂ ಸೇರಿಕೊಂಡಿತು. ಅವರಲ್ಲಿ ಪ್ರಮುಖ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳುಗೆ ಎಂಟಾಣೆ ಕೊಡುತ್ತಿದ್ದನೆಂಬ ಮಾತಿದೆ. ಗಂಟೆಗಟ್ಟಲೆ ಎಸೆದು ಎಸೆದು ಬಾಳು ಅವರ ಎಡಗೈ ಪಳಗಿತು. ಚನ್ನಪಟ್ಟಣದಲ್ಲಿ ಲೇತ್ ಮೇಲೆ ತಿರುಗುವ ಆಲೆಮರದ ತುಂಡಿಗೆ ಅರಗು ಹಚ್ಚುವ ಕುಶಲಕರ್ಮಿಯ ಕೈಗೆ ಒತ್ತಡದ ಅಳತೆ ಹೇಗೆ ಕೂತಿರುತ್ತದೋ, ಹಾಗೆಯೇ ಚೆಂಡಿನ ತಿರುವು ಮತ್ತು ವೇಗದ ಅಳತೆ ಆ ಕೈಗೆ ಕೂತಿತು. ಆದರೆ ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಆ ಕ್ಲಬ್ಬಿನಲ್ಲಿ ಸಿಗಲಿಲ್ಲ. ಬ್ಯಾಟಿಂಗ್ ಸಾಹೇಬರಿಗೆ, ಬೆವರು ಹರಿಸುವ ಬೌಲಿಂಗ್ ಆಳಿಗೆ ಎಂಬ ವಿಂಗಡಣೆ ಅಲ್ಲಿತ್ತು.

ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಟ ಪುಣೆಯ ಹಿಂದೂ ತಂಡಕ್ಕೆ ಹುಟ್ಟಿದಾಗ ಬಾಳು ಇಲ್ಲದೆ ನಡೆಯುವಂತಿರಲಿಲ್ಲ. ವಿರೋಧದ ನಡುವೆಯೇ ಅವರನ್ನು ಸೇರಿಸಿಕೊಂಡರು. ಮೈದಾನದೊಳಗೆ ಎಲ್ಲರೂ ಮುಟ್ಟುವ ಚೆಂಡನ್ನೇ ಬಾಳು ಮುಟ್ಟಿದರು. ಚಹಾದ ವೇಳೆಗೆ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳುಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ ಕೊಟ್ಟರು. ಊಟಕ್ಕೂ ತಟ್ಟೆ ಬೇರೆ, ಮೇಜು ಬೇರೆ. ಮುಂದೆ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಮುಂಬಯಿಗೆ ಹೋದ ಬಾಳು ರೈಲ್ವೆಯಲ್ಲಿ ಕೆಲಸ ಮಾಡುತ್ತ ಹಿಂದೂ ಜಿಮ್ಖಾನಾ ಪರ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಆ ಗೆಲುವಿನಲ್ಲಿ ಬಾಳು ಪಾಲು ದೊಡ್ಡದಿತ್ತು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಂ ಇದ್ದರು, ಬಾಳು ಮತ್ತು ಶಿವರಾಂ ಸಹ ಇದ್ದರು. ಹೆಚ್ಚಿನ ಪಂದ್ಯಗಳನ್ನು ಸೋತ ಆ ಪ್ರವಾಸದಲ್ಲಿ ಬಾಳು ಒಬ್ಬರೇ 114 ವಿಕೆಟ್ ಕಿತ್ತರು. ಒಟ್ಟು 33 ಪ್ರಥಮ ದರ್ಜೆ ಪಂದ್ಯಗಳಲ್ಲಿ ಅವರಿಗೆ ದಕ್ಕಿದ್ದು 179 ವಿಕೆಟ್, ಸರಾಸರಿ ಹದಿನೈದು ಚಿಲ್ಲರೆ. ಅಂಥ ಆಟಗಾರನಿಗೆ ಹಿಂದೂ ತಂಡದ ನಾಯಕತ್ವ ಎಂದೂ ಸಿಗಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಆ ಕಾಲದಲ್ಲಿ ಸಂಬಳದ ಆಟಗಾರನನ್ನು ನಾಯಕನನ್ನಾಗಿ ಮಾಡುವ ಪದ್ಧತಿ ಎಲ್ಲೂ ಇರಲಿಲ್ಲ, ಜಾತಿಯನ್ನೇಕೆ ದೂರಬೇಕು ಎಂದು ಕೇಳಬಹುದು. ಅಂಥ ಪದ್ಧತಿ ಇಲ್ಲದಿದ್ದದ್ದು ನಿಜ. ಇಂಗ್ಲೆಂಡಿನಲ್ಲೇ ಹವ್ಯಾಸಿಗಳು ದೊಡ್ಡ ಮನುಷ್ಯರು, ವೃತ್ತಿಪರರು ಕೂಲಿಯವರು ಎಂಬ ಭೇದ 1962ರವರೆಗೆ ನಡೆಯಿತು. ವೃತ್ತಿಪರ ಆಟಗಾರ ಲೆನ್ ಹಟನ್ ರಾಷ್ಟ್ರೀಯ ತಂಡದ ನಾಯಕನಾದದ್ದು 1952ರಲ್ಲಿ. ಆದರೆ ಹಿಂದೂ ತಂಡದಲ್ಲಿ ಬಾಳು ಕ್ಲಬ್ಬಿನ ಸಂಬಳದ ಆಳಾಗಿರಲಿಲ್ಲ, ಉಳಿದವರಂತೆ ತಂಡದ ಸದಸ್ಯರಾಗಿದ್ದರು. 1920ರಲ್ಲಿ ನಾಯಕತ್ವದ ಪ್ರಶ್ನೆ ಎದ್ದಾಗ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಂ ತಂಡದಿಂದ ಹೊರಗೆ ಬಂದು ಪ್ರತಿಭಟಿಸಿದರು. ತಾವು ಅಸ್ಪೃಶ್ಯರೆಂಬ ಕಾರಣಕ್ಕೇ ಅನ್ಯಾಯವಾಗಿದೆಯೆಂದು ಬಹಿರಂಗವಾಗಿ ಹೇಳಿದರು. ಆ ವರ್ಷ ಬಾಳು ಉಪನಾಯಕರಾದರು. 1923ರಲ್ಲಿ ವಿಠ್ಠಲ ನಾಯಕರಾಗಿ ತಂಡವನ್ನು ಗೆಲ್ಲಿಸಿದರು. ಸಂಬಳ ಪಡೆದು ಆಡುವವನೆಂಬ ತಾತ್ಸಾರ ಒಂದು ಗೋಡೆಯಾದರೆ, ಜಾತಿ ಅದರ ಹಿಂದಿನ ಇನ್ನೊಂದು ಗೋಡೆ.

ಅಮೆರಿಕದ ಬೇಸ್‌ಬಾಲ್ ಇತಿಹಾಸವೂ ಇದನ್ನೇ ಹೇಳುತ್ತದೆ. ಅಲ್ಲಿ 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಡತೊಡಗಿತು. 1884ರಲ್ಲಿ ಟೊಲಿಡೊ ತಂಡದ ಪರ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರ ದೊಡ್ಡ ಲೀಗಿನಲ್ಲಿ ಆಡಿದ. ಮುಂದೆ ಬಿಳಿಯರ ತಂಡಗಳು ಕರಿಯರಿಗೆ ಬಾಗಿಲು ಹಾಕಿದವು. ದೊಡ್ಡ ಲೀಗಿನಲ್ಲಿ ಅದು ಮತ್ತೆ ತೆರೆದದ್ದು 1947ರಲ್ಲಿ, ಜಾಕಿ ರಾಬಿನ್ಸನ್ ಬಂದಾಗ. ಹಣ ಹರಿದು ಬಂದರೆ ಭೇದಭಾವ ತಾನೇ ಕರಗುತ್ತದೆಂಬ ನಂಬಿಕೆಗೆ ಇಲ್ಲೂ ಆಧಾರ ಸಿಗುವುದಿಲ್ಲ.

ಆಟಕ್ಕೆ ದುಡ್ಡು ಬಂದರೆ ಆಟವೇ ಕೆಡುತ್ತದೆ, ಪ್ರೀತಿಗಾಗಿ ಆಡುವುದೇ ಮೇಲು ಎನ್ನುವವರು ಇಂದಿಗೂ ಇದ್ದಾರೆ. ಬೆಟ್ಟಿಂಗ್, ಹರಾಜಿನ ಅಬ್ಬರ ನೋಡಿದರೆ ಅವರ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಕೂಲಿ ಬಿಟ್ಟು ಒಂದು ದಿನ ಮೈದಾನಕ್ಕೆ ಬಂದರೆ ಒಲೆ ಹೊತ್ತದ ಮನೆಯ ಹುಡುಗನಿಗೆ ಬರೀ ಪ್ರೀತಿಗಾಗಿ ಆಡುವ ಅನುಕೂಲ ಎಲ್ಲಿಂದ ಬರಬೇಕು? ಆ ನಾಲ್ಕು ರೂಪಾಯಿ ಇಲ್ಲದಿದ್ದರೆ ಬಾಳು ನೆಟ್ ಹತ್ತಿರ ಸುಳಿಯುವುದೂ ಆಗುತ್ತಿರಲಿಲ್ಲ. ಮುಂದೆ ಅವರು ಸಾರ್ವಜನಿಕ ಬದುಕಿಗೆ ಬಂದು 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದ್ದು, 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ಎದುರೇ ನಿಂತು ಸೋತದ್ದು, ಇವೆಲ್ಲ ಮೈದಾನದಲ್ಲಿ ಗಳಿಸಿದ ಹೆಸರಿನಿಂದಲೇ ಆದವು. ಒಂದು ಕಾಲಕ್ಕೆ ಬಾಳು ದಲಿತರ ಹೆಮ್ಮೆಯೆಂದು ಕೊಂಡಾಡಿದ್ದವರು ಅದೇ ಅಂಬೇಡ್ಕರ್. 1955ರಲ್ಲಿ ಬಾಳು ತೀರಿಕೊಂಡರು.

ಆದ್ದರಿಂದ ನಮ್ಮ ತಾಲ್ಲೂಕುಗಳ ಮೈದಾನಗಳಲ್ಲಿ ಕಾಸಿಗೆ ಆಡುವವನು ಎಂಬ ಮಾತು ಬೈಗುಳವಾಗಿ ಉಳಿಯಬಾರದು. ಪಿಚ್‌ಗೆ ನೀರು ಹಾಕುವವನಿಗೆ, ರೋಲರ್ ಎಳೆಯುವವನಿಗೆ, ನೆಟ್‌ನಲ್ಲಿ ಬೌಲಿಂಗ್ ಮಾಡಿ ಇತರರನ್ನು ಪಳಗಿಸುವ ಹುಡುಗನಿಗೆ ಒಪ್ಪಿದ ಕೂಲಿ ಕೈಗೆ ಸೇರಬೇಕು. ಜೊತೆಗೆ ಊಟದ ಪಂಕ್ತಿಯಲ್ಲಿ, ತಂಡ ಆರಿಸುವ ಸಭೆಯಲ್ಲಿ, ನಾಯಕನ ಹೆಸರು ಹೇಳುವ ಹೊತ್ತಿನಲ್ಲಿ ಅವನಿಗೂ ಎಲ್ಲರಷ್ಟೇ ಜಾಗ ಇರಬೇಕು. ಬಾಳು ಅವರಿಗೆ ಮೊದಲನೆಯದು ಅರೆಬರೆ ಸಿಕ್ಕಿತು. ಎರಡನೆಯದಕ್ಕಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಸೆಣಸಿದರು. ಇನ್ನೊಬ್ಬ ಬಾಳು ಮತ್ತೆ ಅದಕ್ಕಾಗಿ ಸೆಣಸಬೇಕಾಗದಂತೆ ನೋಡಿಕೊಳ್ಳುವ ಹೊಣೆ ಟೂರ್ನಮೆಂಟ್ ನಡೆಸುವ ಪ್ರತಿಯೊಂದು ಊರಿನದು.